ಹುಳದ ಮನೆ ಬೆಕ್ಕಿನ ಮೈತುರಿಕೆ

ಹುಳ ಹಣ್ಣಾಗಿ ಚಂದ್ರಿಕೆಗೆ ಹತ್ತಿದ ವಾರ ನಮ್ಮ ಮನೆಯ ಬೆಕ್ಕು ಮೈ ಕೆರೆದುಕೊಳ್ಳಲು ಶುರು ಮಾಡಿತು. ರೇಷ್ಮೆ ಸಾಕುವವರಿಗೆ ಆ ವಾರ ಕಣ್ಣು ಬೇರೆ ಕಡೆ ಹೋಗುವುದಿಲ್ಲ. ಸೊಪ್ಪು ತಿನ್ನುವುದನ್ನು ನಿಲ್ಲಿಸಿ ಮೈ ಹೊಳಪಾದ ಹುಳಗಳನ್ನು ಒಂದೊಂದಾಗಿ ಆರಿಸಿ, ಬಿದಿರಿನ ಚಂದ್ರಿಕೆಯ ಸುರುಳಿಗಳ ಮೇಲೆ ಗೂಡು ಕಟ್ಟಲು ಬಿಡಬೇಕು. ತಡವಾದರೆ ಹುಳ ಇದ್ದಲ್ಲೇ ನೂಲು ಬಿಟ್ಟು ಹಾಳು ಮಾಡುತ್ತದೆ. ನಾನು ಬುಟ್ಟಿ ಹಿಡಿದು ಓಡಾಡುತ್ತಿದ್ದಾಗ ಬೆಕ್ಕು ಸೊಪ್ಪಿನ ಕೋಣೆಯ ಹೊಸಿಲ ಮೇಲೆ ಕೂತು ಹಿಂಗಾಲಿನಿಂದ ಕಿವಿಯ ಹಿಂದೆ ಪರಪರ ಕೆರೆಯುತ್ತಿತ್ತು. ಅದರ ಸುತ್ತ ನೆಲದ ಮೇಲೆ ತೌಡು ಚೆಲ್ಲಿದಂತೆ ಬಿಳಿ ಹೊಟ್ಟು ಉದುರಿತ್ತು. ನೋಡಿದೆ, ದಾಟಿ ಹೋದೆ.

ಬೆಕ್ಕು ನನ್ನದಲ್ಲ, ತಂಗಿಯದು. ಅವಳು ಕೊಳ್ಳೇಗಾಲದ ಒಂದು ಟೈಲರ್ ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ನಮ್ಮ ಊರು ಕಾಮಗೆರೆಯಿಂದ ಒಳಕ್ಕೆ. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಬರುತ್ತಾಳೆ. ಅಂಗಡಿಗೆ ಬಟ್ಟೆ ಕೊಡುತ್ತಿದ್ದ ಯಳಂದೂರಿನ ಟೀಚರೊಬ್ಬರಿಗೆ ದೂರದ ಊರಿಗೆ ವರ್ಗವಾದಾಗ ತಾವು ಸಾಕಿದ್ದ ಬೆಕ್ಕನ್ನು ಇವಳಿಗೆ ಕೊಟ್ಟರು. ಬೂದಿ ಬಣ್ಣ, ಮೈತುಂಬ ಬೆರಳುದ್ದ ಕೂದಲು, ಬಾಲವಂತೂ ಜಡೆಗೆ ಕಟ್ಟುವ ಗೊಂಡೆಯ ಹಾಗೆ. ತಂಗಿ ಅದಕ್ಕೆ ಗೊಂಡೆ ಎಂದೇ ಹೆಸರಿಟ್ಟಳು.

"ಇದೇನಮ್ಮಿ, ಕರಡಿ ಮರಿ ಇಡ್ಕ ಬಂದಿದ್ದೀಯ?" ಎಂದಳು ಅವ್ವ.

"ಬೆಕ್ಕು ಕಣವ್ವ. ಕೂದ್ಲು ಒಸಿ ಜಾಸ್ತಿ ಅಷ್ಟೆ."

"ನಮ್ಮನೇಲಿ ಏನ ತಿಂದದು ಇದು? ಮೀನು ಮಾಂಸ ಸೇರೋ ಮನೆಯಾ ಇದು?"

"ಆಲನ್ನ ಆಕ್ತೀನಿ. ನಾವು ತಿಂದಿದ್ದ ಅದೂ ತಿಂದದು."

ಅವ್ವ ಒಪ್ಪಿದ್ದು ಇಲಿಯ ಸಲುವಾಗಿ. ಸೊಪ್ಪು ಕೂಡಿಡುವ ಕೋಣೆಗೆ ಇಲಿ ಬರುತ್ತಿತ್ತು, ಅಲ್ಲಿಂದ ಹುಳದ ಮನೆಗೆ ನುಗ್ಗುತ್ತಿತ್ತು. ಬೆಕ್ಕು ಸೊಪ್ಪಿನ ಕೋಣೆಯಲ್ಲಿ ಮಲಗಲಿ, ಅದರ ವಾಸನೆಗೇ ಇಲಿ ದೂರ ಇರುತ್ತದೆ ಎಂದು ತೀರ್ಮಾನವಾಯಿತು. ತಂಗಿ ಮಾತ್ರ ಬೆಕ್ಕನ್ನು ಆ ಕೋಣೆಯ ಬಾಗಿಲವರೆಗೆ ತಂದು ಬಿಟ್ಟು ಹಿಂದಕ್ಕೆ ಹೋಗುತ್ತಿದ್ದಳು. ಒಳಗೆ ಕಾಲಿಡುತ್ತಿರಲಿಲ್ಲ.

ಅದಕ್ಕೆ ಕಾರಣ ಹೇಳಬೇಕು. ಬೆಕ್ಕು ಬರುವ ಮುಂಚಿನ ಬೆಳೆಯಲ್ಲಿ ನಮ್ಮ ಹುಳಕ್ಕೆ ಹಾಲುತೊಂಡೆ ರೋಗ ಬಂದಿತ್ತು. ಹುಳ ಊದಿಕೊಂಡು, ಹಳದಿಗಟ್ಟಿ, ಮುಟ್ಟಿದರೆ ಮೈ ಒಡೆದು ಹಾಲಿನಂಥ ನೀರು ಸುರಿಯುತ್ತಿತ್ತು. ಬುಟ್ಟಿಗಟ್ಟಲೆ ಹೂತೆವು. ಆ ಬೆಳೆಗೆ ಮರಿಹುಳ ಬಂದ ದಿನ ಮೊದಲ ಸೊಪ್ಪು ಇಟ್ಟವಳು ತಂಗಿ. ರೇಷ್ಮೆಯವರಲ್ಲಿ ಕೈಗುಣ ಎನ್ನುವ ಮಾತಿದೆ. ಕೆಲವರ ಕೈಯಿಂದ ಸೊಪ್ಪು ಬಿದ್ದರೆ ಹುಳ ಏಳುತ್ತದೆ, ಕೆಲವರ ಕೈಯಿಂದ ಬಿದ್ದರೆ ಕೂರುತ್ತದೆ ಎಂದು. ಹೊಲದ ಬದಿಯಲ್ಲಿ ಸತ್ತ ಹುಳ ಹೂಳುತ್ತಿದ್ದಾಗ, ಸೊಪ್ಪು ಕೊಯ್ಯಲು ಬಂದ ಹೆಂಗಸರೆಲ್ಲ ಕೇಳುವಂತೆ ಅವ್ವ, "ಇವ್ಳ ಕೈಲಿ ಮೊದಲ್ನೇ ಸೊಪ್ಪು ಆಕಿಸ್ಬಾರದಿತ್ತು. ಕೈಗುಣ ನೆಟ್ಟಗಿಲ್ಲ" ಎಂದುಬಿಟ್ಟಳು. ಅವತ್ತಿನಿಂದ ತಂಗಿ ಹುಳದ ಮನೆಗೆ ಬರುವುದನ್ನು ಬಿಟ್ಟಳು, ಹಿಪ್ಪುನೇರಳೆ ಹೊಲಕ್ಕೂ ಇಳಿಯಲಿಲ್ಲ.

ಆ ಬೆಳೆಗೆ ಮುಂಚೆ ಮನೆಯನ್ನು ಶುದ್ಧ ಮಾಡಿದವನು ನಾನು. ಒಂದು ಬೆಳೆ ಇಳಿದ ಮೇಲೆ ಹುಳದ ಮನೆಯನ್ನು ಗುಡಿಸಿ, ತೊಳೆದು, ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣ ಕಲಸಿದ ನೀರನ್ನು ಗೋಡೆ, ಹುಳ ಮೇಯಿಸುವ ಸ್ಟ್ಯಾಂಡು, ಬಲೆ, ಬುಟ್ಟಿ ಎಲ್ಲಕ್ಕೂ ಹೊಡೆದು, ಸಂದುಗೊಂದು ಮುಚ್ಚಿ ಬಿಡಬೇಕು. ಆ ಸಲ ಹನೂರಿನಿಂದ ಮರಿಹುಳ ಹೇಳಿದ್ದಕ್ಕಿಂತ ಬೇಗ ಬರುತ್ತವೆ ಎಂದು ಫೋನ್ ಬಂತು. ನಾನು ಕೆಳಗಿನ ಸ್ಟ್ಯಾಂಡುಗಳಿಗೆ ಔಷಧಿಯನ್ನೇ ಹೊಡೆಯಲಿಲ್ಲ. ಬಲೆಗಳನ್ನು ಬಿಸಿಲಿಗೆ ಒಣಗಿಸಿ ಹಾಗೇ ಹಾಕಿದೆ. ರೋಗ ಮೊದಲು ಕಂಡದ್ದೂ ಕೆಳಗಿನ ಸ್ಟ್ಯಾಂಡಿನಲ್ಲೇ. ಅವ್ವ ತಂಗಿಯ ಕೈಗುಣದ ಮಾತಾಡಿದಾಗ ನಾನು ಹಾರೆ ಹಿಡಿದು ಗುಂಡಿಯೊಳಗೆ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಆದ್ದರಿಂದ ಮುಂದಿನ ಬೆಳೆಗೆ ನನಗೆ ಶುದ್ಧದ ಹುಚ್ಚು ಹಿಡಿಯಿತು. ಹುಳದ ಮನೆಗೆ ಏನೇ ಬರಲಿ, ತೊಳೆದುಕೊಂಡೇ ಬರಬೇಕು. ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ ಇಟ್ಟು, ಅದರಲ್ಲಿ ಕಾಲದ್ದಿ ಒಳಗೆ ಬರುವ ಕಟ್ಟುನಿಟ್ಟು ಮಾಡಿದೆ. ಕೈಯನ್ನೂ ಅದೇ ನೀರಿನಲ್ಲಿ ತೊಳೆಯಬೇಕು. ಆಗ ಬಂದದ್ದು ಈ ಬೆಕ್ಕು. ಅದರ ಹೊಟ್ಟೆಯ ಕೂದಲು ನೆಲ ಗುಡಿಸಿಕೊಂಡು ಬರುತ್ತಿತ್ತು. ಬೇಲಿ, ತಿಪ್ಪೆ, ಹುಳ ಹೂತ ಗುಂಡಿಯ ಮೇಲೆಲ್ಲ ತಿರುಗಿ ಬಂದು ಸೊಪ್ಪಿನ ಪಕ್ಕ ಮಲಗುತ್ತಿತ್ತು. ಆ ಕೂದಲಿನಲ್ಲಿ ರೋಗ ಬಂದೀತೆಂದು ನನಗೆ ಭಯ. ತಂಗಿ ಅಂಗಡಿಯಿಂದ ಬರುವುದಕ್ಕೆ ಮುಂಚೆ, ದಿನಾ ಸಂಜೆ, ಬೆಕ್ಕನ್ನು ಹಿಡಿದು ನಾಲ್ಕು ಪಾದವನ್ನೂ ಆ ತಟ್ಟೆಯಲ್ಲಿ ಅದ್ದಿ, ಒಂದು ಬಟ್ಟೆಯನ್ನು ಅದೇ ನೀರಿನಲ್ಲಿ ಹಿಂಡಿ ಹೊಟ್ಟೆ, ತೊಡೆ, ಬಾಲ ಒರೆಸಿ ಒಳಗೆ ಬಿಡುತ್ತಿದ್ದೆ. ಬಲೆ ತೊಳೆದಂತೆ, ಬುಟ್ಟಿ ತೊಳೆದಂತೆ ಬೆಕ್ಕನ್ನೂ ತೊಳೆದೆ. ಒರೆಸಿದ ಮೇಲೆ ಅದು ಮೂಲೆಗೆ ಹೋಗಿ ಮೈಯೆಲ್ಲ ನೆಕ್ಕಿಕೊಳ್ಳುತ್ತಿತ್ತು.

ಬೆಳೆ ಚೆನ್ನಾಗಿ ಬಂತು, ಬೆಕ್ಕಿಗೆ ತುರಿಕೆ ಹತ್ತಿತು. ಗೂಡು ಬಿಡಿಸಿ ಮುಗಿಯುವ ಹೊತ್ತಿಗೆ ಅದರ ಕಿವಿಯ ಹಿಂದೆ, ಕಂಕುಳಲ್ಲಿ ಕೂದಲು ಗಂಟುಗಟ್ಟಿ, ಗಂಟಿನ ಕೆಳಗೆ ಚರ್ಮ ಎಳೆದು ಕೆಂಪಾಗಿತ್ತು. ತಂಗಿ ಒಂದು ಬೆಳಿಗ್ಗೆ ಅದನ್ನು ಕುಕ್ಕೆಯಲ್ಲಿ ಕೂರಿಸಿ, ಮೇಲೆ ಬಲೆ ಕಟ್ಟಿ, ಬಸ್ಸಿನಲ್ಲೇ ಕೊಳ್ಳೇಗಾಲದ ಪಶು ಆಸ್ಪತ್ರೆಗೆ ಒಯ್ದಳು. ಸಂಜೆ ಬಂದವಳು ಬಾವಿಕಟ್ಟೆಯ ಮೇಲೆ ಕುಕ್ಕೆ ಇಳಿಸಿ ಅಲ್ಲೇ ಕೂತಳು.

"ಡಾಕ್ಟ್ರಮ್ಮ ಏನಂದ್ರು?" ಎಂದೆ.

"ಚರ್ಮ ಒಣಗೋಗದೆ ಅಂದ್ರು. ಉಣ್ಣಿ ಇಲ್ಲ, ಕಜ್ಜಿ ಇಲ್ಲ. ಬರೀ ಆಲನ್ನ ಆಕೀರೆ ಬೆಕ್ಕಿಗೆ ಸಾಲಕಿಲ್ವಂತೆ. ಮೀನು, ಮೊಟ್ಟೆ ಬೇಕಂತೆ. ಮೈ ಎಣ್ಣೆ ಅದ್ರಿಂದ್ಲೇ ಬರಾದಂತೆ." ಕುಕ್ಕೆಯ ಬಲೆ ಬಿಚ್ಚುತ್ತ, "ಸೋಪು ಗೀಪು ಆಕ್ತೀರಾ ಅಂತ ಕೇಳುದ್ರು. ಬಂದ ವಾರದಲ್ಲಿ ಒಂದ್ಸಲ ನಮ್ಮ ಸೋಪಲ್ಲೇ ತೊಳ್ದಿದ್ದೆ, ಅದ್ನೂ ಏಳ್ದೆ. ನನ್ನಿಂದ್ಲೇ ಆಗಿರೋದು" ಎಂದಳು.

ನಾನು ಸೊಪ್ಪಿನ ಗೋಣಿ ಝಾಡಿಸುತ್ತ ಕೇಳಿಸಿಕೊಂಡೆ. ಆ ದಿನಗಳಲ್ಲಿ ನನ್ನ ಬೆರಳ ಸಂದಿಗಳು ಬಿರಿದು ಉರಿಯುತ್ತಿದ್ದವು. ಬ್ಲೀಚಿಂಗ್ ನೀರು ಮುಟ್ಟಿ ಮುಟ್ಟಿ ಹಾಗಾಗಿದೆ ಎಂದು ನನಗೆ ಗೊತ್ತಿತ್ತು, ಅದಕ್ಕೇ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಅದೇ ನೀರು ಬೆಕ್ಕಿನ ಮೈಗೂ ಹೋಗುತ್ತಿದೆ ಎಂದು ಕೂಡಿಸಿ ನೋಡಲು ಶಾಲೆಯ ಲೆಕ್ಕ ಬೇಕಿರಲಿಲ್ಲ. ಕೂಡಿಸಿ ನೋಡಿದೆ. ಹೇಳಲಿಲ್ಲ. ಹೇಳಿದರೆ ಇಷ್ಟು ಜೋರಾಗಿ ಯಾಕೆ ತೊಳೆಯುತ್ತಿದ್ದೀಯ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಕೊಡಲು ಹೋದರೆ ಕೆಳಗಿನ ಸ್ಟ್ಯಾಂಡಿನ ಮಾತು ಬರುತ್ತದೆ.

ಮನೆಯಲ್ಲಿ ಮೀನಿನ ಜಗಳ ಶುರುವಾಯಿತು.

"ಲಿಂಗ ಕಟ್ಟಿರೋ ಮನೆಗೆ ಮೀನು ತತ್ತೀಯೇನಮ್ಮಿ?"

"ಹುಳ ಬೇಯ್ಸಿ ನೂಲು ತಗಿಯೋಕೆ ಮಾರೋದು ಸೈ, ಬೆಕ್ಕಿಗೆ ಒಂದು ಮೀನು ಬ್ಯಾಡ್ವಾ?"

"ಹುಳವ ನಾವು ತಿಂತೀವೇನೇ?"

"ಮೀನ್ನೂ ನಾವು ತಿನ್ನಕಿಲ್ಲ ಕಣವ್ವ, ಬೆಕ್ಕು ತಿಂದದು."

ಕೊನೆಗೆ ಕರಾರಾಯಿತು. ಮೀನು ಹಿತ್ತಲಿನ ಕೊಟ್ಟಿಗೆಯ ಆಚೆಗೇ ನಿಲ್ಲಬೇಕು. ಒಲೆ ಬೇರೆ, ಪಾತ್ರೆ ಬೇರೆ, ನೀರಿನ ಬಿಂದಿಗೆ ಬೇರೆ. ಬೇಯಿಸಿದವಳು ತಲೆಗೆ ನೀರು ಹಾಕಿಕೊಂಡೇ ಮನೆಯೊಳಗೆ ಬರಬೇಕು. ಚಳಿಗಾಲ. ತಂಗಿ ಕೊಳ್ಳೇಗಾಲದಿಂದ ಮತ್ತಿ ಮೀನು ತಂದು, ಮೂರು ಕಲ್ಲಿನ ಮೇಲೆ ಹಳೆಯ ಡಬರಿ ಇಟ್ಟು, ಉಪ್ಪು ಖಾರ ಇಲ್ಲದೆ ಬೇಯಿಸಿ, ಮುಳ್ಳು ಬಿಡಿಸಿ ಬೆಕ್ಕಿಗೆ ಹಾಕುತ್ತಿದ್ದಳು. ಮೀನು ಮುಟ್ಟಿ ಅಭ್ಯಾಸವಿಲ್ಲದವಳು. ಮೊದಲ ಸಲ ಮೂಗಿಗೆ ವೇಲು ಕಟ್ಟಿಕೊಂಡು ಮುಖ ಆಚೆ ತಿರುಗಿಸಿದ್ದಳು. ಆಮೇಲೆ ನಡುಗುತ್ತ ತಣ್ಣೀರು ಹೊಯ್ದುಕೊಂಡು ಒದ್ದೆ ಕೂದಲಲ್ಲಿ ಒಳಗೆ ಬರುತ್ತಿದ್ದಳು.

ಡಾಕ್ಟರು ಬಾಚಲೂ ಹೇಳಿದ್ದರು. ಅದನ್ನು ಇವಳು ಹೊಲಿಗೆಯವಳ ನಿಗಾದಲ್ಲಿ ಮಾಡಿದಳು. ಗಂಟುಗಳನ್ನು ಬುಡದಿಂದ ಎಳೆಯುವ ಹಾಗಿಲ್ಲ. ಚರ್ಮಕ್ಕೂ ಗಂಟಿಗೂ ನಡುವೆ ಬಾಚಣಿಗೆ ತೂರಿಸಿ, ಬಾಚಣಿಗೆಯ ಮೇಲುಗಡೆ ಮಾತ್ರ ಕತ್ತರಿ ಆಡಿಸಬೇಕು; ಇಲ್ಲವಾದರೆ ಕೂದಲೆಂದು ಚರ್ಮವನ್ನೇ ಕತ್ತರಿಸುವ ಅಪಾಯ. ಗಂಟು ಹೋದ ಮೇಲೆ ದೊಡ್ಡ ಹಲ್ಲಿನ ಬಾಚಣಿಗೆಯಿಂದ ಕೂದಲ ತುದಿ ಮೊದಲು, ಆಮೇಲೆ ನಡು, ಕೊನೆಗೆ ಬುಡ. ಅದಾದ ಮೇಲೆ ಹೇನಿಗೆ ಬಳಸುವ ಸೀರಣಿಗೆಯಿಂದ ಹಗುರಾಗಿ ಎಳೆದರೆ ಬಿಳಿ ಹೊಟ್ಟು ಅದರ ಹಲ್ಲಿನಲ್ಲಿ ಬರುತ್ತಿತ್ತು.

ಅದು ಎರಡು ಬೆಳೆಗಳ ನಡುವಿನ ಬಿಡುವು. ಹುಳ ಇರಲಿಲ್ಲ, ಆದ್ದರಿಂದ ಬೆಕ್ಕನ್ನು ಒರೆಸುವ ಕೆಲಸವೂ ಇರಲಿಲ್ಲ. ಗೊಂಡೆ ಸುಧಾರಿಸಿತು. ಕೆರೆತ ಕಡಿಮೆಯಾಯಿತು, ಕಿವಿಯ ಹಿಂದಿನ ಕೆಂಪು ಮಾಸಿತು.

"ಮೀನು ಕೆಲ್ಸ ಮಾಡ್ತದೆ ಕಣಣ್ಣ" ಎಂದು ತಂಗಿ ಸೀರಣಿಗೆಯನ್ನು ಬಿಸಿಲಿಗೆ ಹಿಡಿದು ತೋರಿಸಿದಳು. ಬಹಳ ದಿನದ ಮೇಲೆ ಅವಳ ಮುಖದಲ್ಲಿ ನಗು ನೋಡಿದೆ. ಅವ್ವ ಕೂಡ, "ಪರವಾಗಿಲ್ಲ, ಒಂದಾದ್ರೂ ಅವ್ಳ ಕೈಲಿ ಏಳ್ತದೆ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ಹೊಸ ಮರಿಹುಳ ಬಂದವು. ನಾನು ಮತ್ತೆ ಬಾಗಿಲಲ್ಲಿ ತಟ್ಟೆ ಇಟ್ಟೆ.

ಈ ಒಂದು ಕಡೆ ನನ್ನ ಪರವಾಗಿ ಹೇಳಿಕೊಳ್ಳಲು ಏನೂ ಇಲ್ಲ. ಹಿಂದಿನ ಬೆಳೆಯಲ್ಲಿ ಗೊತ್ತಿಲ್ಲದೆ ಮಾಡಿದೆ ಎನ್ನಬಹುದು. ಈ ಸಲ ಬೆಕ್ಕು ಯಾಕೆ ಸುಧಾರಿಸಿತು ಎಂದು ನನಗೆ ಗೊತ್ತಿತ್ತು. ಎರಡು ದಿನ ಒರೆಸದೆ ಬಿಟ್ಟೆ. ಮೂರನೆಯ ದಿನ ಒಂದು ಸ್ಟ್ಯಾಂಡಿನ ಮೂಲೆಯಲ್ಲಿ ಊದಿದ ಒಂದು ಹುಳ ಕಂಡಿತು. ಒಂದೇ ಒಂದು. ಅದನ್ನು ಕಡ್ಡಿಯಲ್ಲಿ ಎತ್ತಿ ಸುಣ್ಣದ ಡಬ್ಬಿಗೆ ಹಾಕಿದೆ. ಅವತ್ತು ಸಂಜೆ ಬೆಕ್ಕನ್ನು ಹಿಡಿದು, ಬಟ್ಟೆ ಹಿಂಡಿ ಒರೆಸಿದೆ. ಅದು ನನ್ನ ಮುಂಗೈ ಪರಚಿತು. ಬಿಡದೆ ಒರೆಸಿದೆ. ಬೆಕ್ಕನ್ನು ಸೊಪ್ಪಿನ ಕೋಣೆಯಿಂದ ಆಚೆ ಹಾಕಬಹುದಿತ್ತಲ್ಲ ಎಂದರೆ, ಹಾಕಬಹುದಿತ್ತು. ಇಲಿಯ ಕಾಟ, ಅವ್ವನ ಪ್ರಶ್ನೆ ಎರಡೂ ಬೇಡವಾಗಿದ್ದವು.

ಹುಳ ಬೆಳೆಯುತ್ತ ಹೋಯಿತು, ಬೆಕ್ಕು ಇಳಿಯುತ್ತ ಹೋಯಿತು. ಈ ಸಲ ಹೊಟ್ಟೆಯ ಅಡಿ ಕೂದಲು ಉದುರಿ ಹಸಿ ಗಾಯವಾಯಿತು. ಪಾದಗಳನ್ನು ಕಚ್ಚಿಕೊಳ್ಳುತ್ತಿತ್ತು. ಮೀನು ಮುಂದಿಟ್ಟರೂ ಮೂಸಿ ಸುಮ್ಮನಾಗುತ್ತಿತ್ತು. ತಂಗಿ ಬಾಚುವುದನ್ನು ನಿಲ್ಲಿಸಿದಳು.

"ಯಾಕಮ್ಮಿ?" ಎಂದು ಅವ್ವ ಕೇಳಿದಳು.

"ನಾನು ಮುಟ್ಟಿದ್ರೆ ಜಾಸ್ತಿ ಆಯ್ತದೆ. ಯಳಂದೂರಲ್ಲಿ ಯಾರಾರ ಇದ್ರೆ ಕೊಟ್ಬುಡ್ತೀನಿ. ಬದುಕಲಿ ಅದು."

ಅವ್ವ ಇಲ್ಲ ಎನ್ನಲಿಲ್ಲ.

ಹುಳ ನಾಲ್ಕನೆಯ ಜ್ವರಕ್ಕೆ ಕೂತಿತು. ಹುಳ ಮೇವು ಬಿಟ್ಟು, ತಲೆ ಎತ್ತಿ ಅಲುಗದೆ ಕೂತು ಹಳೆಯ ಚರ್ಮ ಕಳಚುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಸೊಪ್ಪು ಹಾಕುವ ಹಾಗಿಲ್ಲ, ಸಾಕುವವನಿಗೂ ಬಿಡುವು. "ಕೊಡೋಕೆ ಮುಂಚೆ ಒಂದ್ಸಲ ಡಾಕ್ಟ್ರಮ್ಮಂಗೆ ತೋರ್ಸವ, ನಡಿ" ಎಂದು ನಾನೇ ಗಾಡಿ ತೆಗೆದೆ. ತಂಗಿ ಹಿಂದೆ ಕುಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಡಾಕ್ಟರಮ್ಮ ಬೆಕ್ಕನ್ನು ಮೇಜಿನ ಮೇಲೆ ಮಲಗಿಸಿ, ಎರಡು ಬೆರಳಿನಿಂದ ಕೂದಲು ಸರಿಸಿ ಚರ್ಮ ನೋಡಿದರು. ಹೊಟ್ಟೆ, ತೊಡೆಯ ಒಳಭಾಗ, ಬೆರಳ ಸಂದಿ. ಬೆನ್ನಿನ ಮೇಲೆ ಅಷ್ಟಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ನಾಲಿಗೆ ನೋಡಿದರು, ತುದಿ ಕೆಂಪಾಗಿತ್ತು. ಆಮೇಲೆ ಬಗ್ಗಿ ಮೂಸಿದರು.

"ಬ್ಲೀಚಿಂಗ್ ಪೌಡರ್ ವಾಸನೆ ಬರ್ತಿದೆಯಲ್ಲ?"

"ನಾವು ಹುಳದ ಮನೆಯವ್ರು ಮೇಡಂ" ಎಂದಳು ತಂಗಿ ತಕ್ಷಣ. "ನಮ್ಮ ಬಟ್ಟೆ, ನಮ್ಮಣ್ಣನ ಕೈ, ಎಲ್ಲ ಅದೇ ವಾಸ್ನೆ. ಅದ್ರ ಮೈಗೂ ಅಂಟ್ಕಂಡಿರ್ತದೆ."

ಡಾಕ್ಟರು ನನ್ನ ಕಡೆ ನೋಡಿದರು. ಅವರಿಗೆ ಅನುಮಾನವೇನೂ ಇರಲಿಲ್ಲ. ಹೌದಾ ಎಂದು ಕೇಳುವಂತೆ ನೋಡಿದರಷ್ಟೆ. ತಂಗಿ ತನಗೆ ಗೊತ್ತಿಲ್ಲದೆಯೇ ನನ್ನನ್ನು ಬಚಾವು ಮಾಡಿದ್ದಳು. ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೆಕ್ಕು ಯಳಂದೂರಿಗೆ ಹೋಗುತ್ತಿತ್ತು, ಅಲ್ಲಿ ತಾನಾಗಿ ವಾಸಿಯಾಗುತ್ತಿತ್ತು. ತಂಗಿಯ ಕೈ ಬಿಟ್ಟ ಕೂಡಲೇ ವಾಸಿಯಾಯಿತು ಎಂದು ನಮ್ಮ ಮನೆಯಲ್ಲಿ ಮಾತಾಗುತ್ತಿತ್ತು. ಎಲ್ಲರಿಗಿಂತ ಮೊದಲು ಅವಳೇ ಅದನ್ನು ನಂಬುತ್ತಿದ್ದಳು.

"ಅಂಟ್ಕಂಡಿರೋದಲ್ಲ ಮೇಡಂ. ನಾನೇ ಒರೆಸ್ತಿದ್ದೆ" ಎಂದೆ.

"ಏನು?"

"ದಿನಾ ಸಂಜೆ. ಹುಳಕ್ಕೆ ರೋಗ ಬಂದಾತು ಅಂತ. ಬ್ಲೀಚಿಂಗ್ ಸುಣ್ಣದ ನೀರಲ್ಲಿ ಕಾಲು ಅದ್ದಿ, ಒಟ್ಟೆ ಬಾಲ ಎಲ್ಲ ಒರೆಸ್ತಿದ್ದೆ. ಇವ್ಳಿಗೆ ಗೊತ್ತಿಲ್ಲ."

ತಂಗಿ ಬೆಕ್ಕಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಡಾಕ್ಟರಮ್ಮ ಬಯ್ಯಲಿಲ್ಲ. "ಅದು ನೆಕ್ಕಿಕೊಳ್ಳುತ್ತೆ ಅನ್ನೋದು ಯೋಚನೆಗೆ ಬರಲಿಲ್ವಾ?" ಎಂದು ಕೇಳಿದರು. ಬಂದಿತ್ತು ಎಂದೆ. ಅವರು ಮದ್ದಿನ ಚೀಟಿ ಬರೆಯಲು ಶುರು ಮಾಡಿದರು.

ಮಾಡಬೇಕಾದ್ದನ್ನು ಬಿಡಿಸಿ ಹೇಳಿದರು. ಉಗುರು ಬೆಚ್ಚಗಿನ ಬರೀ ನೀರಿನಲ್ಲಿ, ನೀರು ಬದಲಿಸುತ್ತ, ಕೂದಲಲ್ಲಿ ಉಳಿದದ್ದೆಲ್ಲ ಹೋಗುವವರೆಗೆ ನೆನೆಸಿ ತೊಳೆಯಬೇಕು. ಸೋಪು ಬೇಡ, ಉಜ್ಜುವುದು ಬೇಡ. ಹತ್ತಿ ಬಟ್ಟೆಯಲ್ಲಿ ಒತ್ತಿ ಒತ್ತಿ ನೀರು ತೆಗೆಯಬೇಕು. ಗಾಯಕ್ಕೆ ಅವರು ಕೊಟ್ಟ ಮುಲಾಮು ಮಾತ್ರ. ಬೇವಿನೆಣ್ಣೆ, ಕರ್ಪೂರ, ಸೀಮೆಎಣ್ಣೆ ಯಾವುದನ್ನೂ ಹತ್ತಿರ ತರಬಾರದು, ಬೆಕ್ಕಿಗೆ ಅವು ವಿಷ. ನೆಕ್ಕದಂತೆ ಕುತ್ತಿಗೆಗೆ ಪಟ್ಟಿ ಕಟ್ಟಬೇಕು. ಮೀನು ಮುಂದುವರಿಸಿ, ಅದೂ ಬೇಕಾದದ್ದೇ ಎಂದು ತಂಗಿಗೆ ಹೇಳಿದರು. ಹುಳದ ಮನೆಯ ಕಡೆ ಮಾತ್ರ ಬಿಡಬೇಡಿ ಎಂದರು.

ಬರುವಾಗ ಕಾಮಗೆರೆ ದಾಟಿ ನಮ್ಮೂರಿನ ದಾರಿಗೆ ತಿರುಗುತ್ತಿದ್ದಂತೆ ತಂಗಿ ಬೆನ್ನಿಗೆ ತಟ್ಟಿ, "ನಿಲ್ಸು" ಎಂದಳು. ಇಳಿದು, ಕುಕ್ಕೆಯನ್ನು ಸೊಂಟಕ್ಕಿಟ್ಟುಕೊಂಡು ನಡೆದಳು. ನಾನು ಗಾಡಿ ತಳ್ಳುತ್ತ ಹಿಂದೆ ಹೋದೆ. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಕುಂತೂರಿನ ಕಡೆಗೆ ಹೋಗುತ್ತ ನಮ್ಮಿಬ್ಬರ ನಡುವೆ ದೂಳೆಬ್ಬಿಸಿತು. ಅವಳು ತಿರುಗಿ ನೋಡಲಿಲ್ಲ.

ಮನೆಯಲ್ಲಿ ಅವ್ವ ಅಡುಗೆಮನೆಯಲ್ಲಿ ಮುದ್ದೆಗೆ ರಾಗಿ ಹಿಟ್ಟು ಕೂಡಿಸುತ್ತಿದ್ದಳು. ಬೆಕ್ಕಿನ ವಿಷಯ ಹೇಳಿದೆ. ಹೇಳುತ್ತ ಹೇಳುತ್ತ ಅಲ್ಲಿಗೆ ನಿಲ್ಲಿಸಲು ಆಗಲಿಲ್ಲ. ಕೆಳಗಿನ ಸ್ಟ್ಯಾಂಡಿಗೆ ಔಷಧಿ ಹೊಡೆಯದೆ ಬಿಟ್ಟದ್ದನ್ನೂ, ಬಲೆಗಳನ್ನು ತೊಳೆಯದೆ ಹಾಕಿದ್ದನ್ನೂ ಹೇಳಿದೆ. ಅವ್ವ ಕೋಲನ್ನು ಹಿಟ್ಟಿನಲ್ಲೇ ಬಿಟ್ಟಳು.

"ಇದ ಅವತ್ತೇ ಯಾಕ್ಲಾ ಏಳ್ನಿಲ್ಲ? ನಾನು ಅಷ್ಟು ದೊಡ್ಡ ಮಾತ ಆಡ್ತಾ ಇವ್ನಿ, ನೀನು ಮಣ್ಣು ಎಳೀತಾ ನಿಂತಿದ್ದಲ್ಲೋ!"

ಬಾಗಿಲಲ್ಲಿ ನಿಂತಿದ್ದ ತಂಗಿ, "ಬಟ್ಟೆ ಕತ್ತರಿಸ್ವಾಗ್ಲೂ ನನ್ ಕೈನೇ ನೋಡ್ಕತಿದ್ದೆ ಕಣಣ್ಣ" ಎಂದಳು. "ಗಿರಾಕಿ ಬಟ್ಟೆ ಹಾಳಾದ್ರೆ ಅಂತ, ಒಂದೊಂದ್ಸಲ ಪಕ್ಕದವ್ಳ ಕೈಲಿ ಕತ್ತರಿ ಆಕಿಸ್ತಿದ್ದೆ." ಅಷ್ಟು ಹೇಳಿ ನೀರು ಕಾಯಿಸಲು ಹಿತ್ತಲಿಗೆ ಹೋದಳು.

ಬೆಕ್ಕನ್ನು ತೊಳೆಯಲು ಇಬ್ಬರು ಬೇಕು. ನಾನು ಕತ್ತಿನ ಹಿಂಭಾಗ ಮತ್ತು ಮುಂಗಾಲು ಹಿಡಿದೆ, ಅವಳು ಚೊಂಬಿನಲ್ಲಿ ನೀರು ಬಿಟ್ಟಳು. ಮೊದಲ ಬೋಗುಣಿಯ ನೀರು ಮಬ್ಬಾಗಿ ಇಳಿಯಿತು. ಎರಡನೆಯದೂ. ತಿಳಿ ಬರುವವರೆಗೆ ಬದಲಿಸಿದೆವು. ಕೂದಲು ನೆನೆದು ಮೈಗಂಟಿದಾಗ ಒಳಗಿನ ಬೆಕ್ಕು ಎಷ್ಟು ಸಣ್ಣದೆಂದು ಕಂಡಿತು. ಆ ಗೊಂಡೆಯೆಲ್ಲ ಹೋಗಿ ಒಂದು ಅಳಿಲಿನಷ್ಟು ಜೀವ ಉಳಿದಿತ್ತು. ತಂಗಿ ಹಳೆಯ ಪಂಚೆಯಲ್ಲಿ ಸುತ್ತಿ ಒತ್ತಿದಳು. ಮಾರನೆಯ ದಿನ ಅಂಗಡಿಯಿಂದ ಶರ್ಟಿನ ಕಾಲರಿಗೆ ಹಾಕುವ ಕ್ಯಾನ್ವಾಸ್ ತುಂಡು ತಂದು, ಮೇಲೆ ಮೆತ್ತನೆ ಬಟ್ಟೆ ಹೊಲಿದು, ಅಗಲವಾದ ಕುತ್ತಿಗೆಪಟ್ಟಿ ಮಾಡಿದಳು. ಅದನ್ನು ಕಟ್ಟಿದಾಗ ಗೊಂಡೆ ನಾಟಕದ ರಾಜನಂತೆ ಕತ್ತು ನೆಟ್ಟಗೆ ಮಾಡಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆಯಿತು. ಅವ್ವ ನಕ್ಕಳು. ನಾವಿಬ್ಬರೂ ನಗಲಿಲ್ಲ.

ಬೆಕ್ಕಿಗೆ ಕೊಟ್ಟಿಗೆಯ ಅಟ್ಟದಲ್ಲಿ ಗೋಣಿ ಹಾಸಿದೆವು. ಸೊಪ್ಪಿನ ಕೋಣೆಯ ಇಲಿ ಬಿಲಗಳನ್ನು ನಾನು ಗಾಜಿನ ಚೂರು, ಸಿಮೆಂಟು ಸೇರಿಸಿ ಮುಚ್ಚಿದೆ. ಅಷ್ಟು ಮಾಡಲು ಒಂದು ಮಧ್ಯಾಹ್ನ ಸಾಕಾಯಿತು. ಮೊದಲೇ ಮಾಡಬಹುದಾಗಿದ್ದ ಕೆಲಸ.

ಆಮೇಲಿನ ದಿನಗಳಲ್ಲಿ ತಂಗಿ ನನ್ನೊಡನೆ ಆಡಿದ್ದೆಲ್ಲ ಬೆಕ್ಕಿನ ಕೆಲಸದ ಮಾತು. ಇಡ್ಕೋ. ಬಿಡು. ಆ ಕಾಲು. ಮುಲಾಮು ತಾ. ಗಾಯದ ಮೇಲೆ ಪಕ್ಕು ಕಟ್ಟಿತು, ಪಕ್ಕು ಉದುರಿ ನಸುಗೆಂಪು ಚರ್ಮ ಬಂತು, ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಕೈಗೆ ಸಿಕ್ಕಿತು. ಸೀರಣಿಗೆಯಲ್ಲಿ ಹೊಟ್ಟು ಬರುವುದು ಕಡಿಮೆಯಾಯಿತು. ಒಂದು ಸಂಜೆ ಬಾಚುವಾಗ ತಡೆಯಲಾರದೆ, "ಇನ್ನೂ ಸಿಟ್ಟಾ?" ಎಂದೆ.

ಅವಳು ಬಾಚಣಿಗೆ ನಿಲ್ಲಿಸಲಿಲ್ಲ. "ನನ್ ಕೈ ನೆಟ್ಟಗಿಲ್ಲ ಅಂದದ್ದು ಹೊಲದಲ್ಲಿ, ಅಷ್ಟು ಜನದ ಮುಂದೆ. ನಿನ್ ತಪ್ಪ ನೀನು ಒಪ್ಕಂಡಿದ್ದು ಅಡುಗೆಮನೇಲಿ."

ಅವಳು ಹೇಳಿದ್ದು ಅಷ್ಟೇ. ಹುಳದ ಮನೆಯವನು ಮನೆ ಶುದ್ಧ ಮಾಡಲಿಲ್ಲ ಎಂದು ಊರಲ್ಲಿ ಹೇಳಿಕೊಳ್ಳುವುದು, ಅಡುಗೆಯವನು ಕೈ ತೊಳೆಯಲಿಲ್ಲ ಎಂದು ಹೇಳಿಕೊಂಡಂತೆ. ಆಮೇಲೆ ನನ್ನ ಗೂಡು, ನನ್ನ ಮಾತು ಎರಡನ್ನೂ ಜನ ತಿರುವಿ ನೋಡುತ್ತಾರೆ. ತಂಗಿ ಆ ನೋಟದಡಿ ಎರಡು ಬೆಳೆ ಕಳೆದಿದ್ದಳು.

ಹುಳ ಜ್ವರದಿಂದ ಎದ್ದು ಹೊಟ್ಟೆಬಾಕನಂತೆ ತಿನ್ನುವ ಕಾಲ ಅದು. ಸೊಪ್ಪು ಕೊಯ್ಯಲು ಹೆಂಗಸರು ಬೆಳಿಗ್ಗೆಯೇ ಹಿಪ್ಪುನೇರಳೆ ಸಾಲಿಗೆ ಇಳಿದಿದ್ದರು. ಅವತ್ತು ಅಂಗಡಿಗೆ ರಜೆ. ನಾನು, ಅವ್ವ, ತಂಗಿ ಮೂವರೂ ಹೊಲದ ಕಡೆ ಬಂದೆವು. ತಂಗಿ ಬದುವಿನ ಮೇಲೇ ನಿಂತಳು. ನಾನು ಸಾಲಿನ ನಡುವೆ ಹೋಗಿ, "ಒಸಿ ಕೆಲ್ಸ ನಿಲ್ಸಿ, ಒಂದು ಮಾತದೆ" ಎಂದೆ.

ಹಾಲುತೊಂಡೆ ಬಂದ ಬೆಳೆಗೆ ಮನೆ ಶುದ್ಧ ಮಾಡದೆ ಬಿಟ್ಟವನು ನಾನು ಎಂದೆ. ಯಾವ ಸ್ಟ್ಯಾಂಡು, ಯಾವ ಬಲೆ ಎಂದು ಬಿಡಿಸಿ ಹೇಳಿದೆ. ತಂಗಿಯ ಮೇಲೆ ಬಂದ ಮಾತು ಸುಳ್ಳು, ನನಗೆ ಗೊತ್ತಿದ್ದೂ ಸುಮ್ಮನಿದ್ದೆ ಎಂದೆ. ಬೆಕ್ಕಿನ ಕಥೆಯನ್ನೂ ಹೇಳಿದೆ. ಕುಡುಗೋಲು ಹಿಡಿದ ಕೈಗಳು ಹಾಗೇ ನಿಂತಿದ್ದವು. ಹಿಂದಿನಿಂದ ಅವ್ವ, "ಅಂದವಳು ನಾನು ಕಣ್ರವ್ವ. ನನ್ದೂ ತಪ್ಪು" ಎಂದಳು.

ಆಗ ಎಲ್ಲರಿಗಿಂತ ಹಿರಿಯಳಾದ ಹೆಂಗಸು ಸೊಂಟದ ಮೇಲೆ ಕೈಯಿಟ್ಟು, "ಬೆಕ್ಕಿಗೆ ಬ್ಲೀಚಿಂಗ್ ಆಕಿ ಒರೆಸುದ್ಯಾ? ಒಸಿ ನಿನ್ ಮೀಸೆಗೂ ಒರೆಸ್ಕಬೇಕಾಗಿತ್ತು ಕಣಪ್ಪ, ಉರಿ ಗೊತ್ತಾಗದು" ಎಂದಳು.

ಸಾಲಿಗೆ ಸಾಲೇ ನಕ್ಕಿತು. ಇನ್ನೊಬ್ಬಳು, "ಅದ್ಕೇ ಇವ್ರ ಮನೆ ಬೆಕ್ಕು ಬೆಳ್ಳಗೆ ಉದುರ್ತಿತ್ತು!" ಎಂದಳು. ನಗು ನಿಲ್ಲುವವರೆಗೆ ನಿಂತೆ. ಬಯ್ದಿದ್ದರೆ ಸುಲಭವಾಗಿ ತಡೆದುಕೊಳ್ಳುತ್ತಿದ್ದೆನೇನೋ.

ಆ ಹಿರಿಯಳು ಬದುವಿನ ಕಡೆ ತಿರುಗಿದಳು. "ನೀನ್ಯಾಕವ್ವ ಅಲ್ಲಿ ನಿಂತೀಯೆ? ಬಾ, ಈ ಸಾಲು ಖಾಲಿ ಅದೆ. ಕುಡ್ಲು ಬೇಕಾದ್ರೆ ನಂದ ತಕೊ."

ತಂಗಿ ವೇಲನ್ನು ಸೊಂಟಕ್ಕೆ ಬಿಗಿದು ಕೆಳಗಿಳಿದಳು. ಬುಡ ಬಿಟ್ಟು ಗೇಣೆತ್ತರಕ್ಕೆ ಕಡ್ಡಿ ಹಿಡಿದು, ಓರೆಯಾಗಿ ಎಳೆದು ಕೊಯ್ದಳು. ಮರೆತಿರಲಿಲ್ಲ. ಒಂದು ಹೊರೆಯಾದಾಗ ಹಂಬು ಸುತ್ತಿ ಕಟ್ಟಿ ಬದಿಗಿಟ್ಟಳು. ನಾನು ಹೋಗಿ ಅದನ್ನು ತಲೆಗೆ ಎತ್ತಿಕೊಂಡೆ. ಹತ್ತು ಹೆಜ್ಜೆ ಹೋಗಿದ್ದೆನೋ ಇಲ್ಲವೋ, ಹಿಂದಿನಿಂದ ಅವಳು ಕೂಗಿದಳು.

"ಅಣ್ಣೋ, ಬಿಸ್ಲಲ್ಲಿ ಇಕ್ಬುಟ್ಟೀಯೆ! ಒದ್ದೆ ಗೋಣಿ ಮುಚ್ಚು, ಬಾಡೋಯ್ತದೆ."

ಆಗಲಿ ಎಂದು ನಡೆದೆ.